ಓದಿಗೂ ಉದ್ಯೋಗಕ್ಕೂ ನಡುವಣ ಗಡಿ: ತಾಳವಾಡಿಯ ಒಂದು ಚರಿತ್ರೆ

ಬಣ್ಣಾರಿಯಿಂದ ಮೇಲಕ್ಕೇರುವ ದಿಂಬಂ ಘಟ್ಟದಲ್ಲಿ 27 ಕಡಿದಾದ ತಿರುವುಗಳಿವೆ. ಅವನ್ನೆಲ್ಲ ಕಳೆದು ಹಾಸನೂರನ್ನು ಮುಟ್ಟಿ, ಅಲ್ಲಿಂದ ತಾಳವಾಡಿಯ ದಾರಿ ಹಿಡಿದವನಿಗೆ ತಾನು ಬೇರೊಂದು ಸೀಮೆಗೆ ಬಂದೆನೆಂಬ ಭಾವ ಬಾರದಿರದು. ಗಾಳಿ ಬೇರೆ, ಮಣ್ಣು ಬೇರೆ, ಕಿವಿಗೆ ಬೀಳುವ ಮಾತು ಬೇರೆ. ಇಲ್ಲಿಂದ ಜಿಲ್ಲಾ ಕೇಂದ್ರವಾದ ಈರೋಡು ನೂರು ಕಿಲೋಮೀಟರಿಗೂ ಮಿಗಿಲು ದೂರ. ಘಟ್ಟವನ್ನು ಇಳಿಯದೆ ಅಲ್ಲಿಗೆ ಹೋಗುವಂತಿಲ್ಲ. ಕಾಡುಪ್ರಾಣಿಗಳ ರಕ್ಷಣೆಗಾಗಿ 2022ರ ಫೆಬ್ರುವರಿಯಿಂದ ಆ ಘಟ್ಟದಲ್ಲಿ ರಾತ್ರಿಯ ಸಂಚಾರಕ್ಕೂ ನಿರ್ಬಂಧ ಬಂದಿದೆ. ಚಾಮರಾಜನಗರವೋ ಬೆಳಗಿನ ಬಸ್ಸು ಹತ್ತಿದರೆ ಹೊತ್ತೇರುವ ಮೊದಲೇ ಇಳಿಯಬಹುದಾದ ಊರು. ಆದುದರಿಂದ ನಮ್ಮ ಮಕ್ಕಳು ಇಲ್ಲಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಮುಂದಿನ ಓದಿಗೆ ಚಾಮರಾಜನಗರಕ್ಕೋ ಮೈಸೂರಿಗೋ ಹೋಗುವುದು ಬಹುಕಾಲದಿಂದ ನಡೆದುಬಂದ ರೂಢಿ. ಹೋಗುವಾಗ ಯಾರೂ ತಡೆಯುವುದಿಲ್ಲ. ಗಡಿಯಿರುವುದು ಅವರಿಗೆ ಗೊತ್ತಾಗುವುದು ಓದು ಮುಗಿದು ಉದ್ಯೋಗದ ಅರ್ಜಿಯನ್ನು ಬರೆಯಲು ಕುಳಿತಾಗ.

ಪರದೇಶಕ್ಕೆ ಓದಲು ಹೋದವರಿಗೆ ವಿದ್ಯಾರ್ಥಿ ವೀಸಾ ಬೇರೆ, ಕೆಲಸದ ವೀಸಾ ಬೇರೆ; ಒಂದು ಮುಗಿದು ಇನ್ನೊಂದು ಕೈಗೆ ಬರುವವರೆಗಿನ ಕಾಲ ಅವರಿಗೆ ಬಹಳ ಕಷ್ಟದ್ದೆಂದು ವಾಚಕರು ಪತ್ರಿಕೆಗಳಲ್ಲಿ ಓದಿಯೇ ಇರುತ್ತಾರೆ. ತಾಳವಾಡಿಯ ಹುಡುಗನಿಗೆ ವೀಸಾದ ಗೊಡವೆಯಿಲ್ಲ. ಅವನು ತನ್ನ ದೇಶದಲ್ಲೇ ಇದ್ದಾನೆ. ಆದರೂ ಅವನು ವಿದ್ಯಾರ್ಥಿಯಾಗಿದ್ದಷ್ಟು ದಿನ ಒಂದು ಲೆಕ್ಕಕ್ಕೆ ಸೇರುತ್ತಾನೆ, ದುಡಿಯುವವನಾಗಬೇಕೆಂದ ದಿನ ಆ ಲೆಕ್ಕದಿಂದ ಹೊರಬೀಳುತ್ತಾನೆ. ಈ ತೆರವು ಒಬ್ಬರು ಒಂದು ದಿನದಲ್ಲಿ ತೋಡಿದ್ದಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶದಿಂದ ಮಾಡಿದ ನಿಯಮಗಳು ಒಂದರ ಪಕ್ಕದಲ್ಲೊಂದು ನಿಂತಾಗ ನಡುವೆ ಉಳಿದ ಜಾಗ ಇದು. ಅದು ಹೇಗೆ ಉಂಟಾಯಿತೆಂಬುದನ್ನು ಇಲ್ಲಿ ಕ್ರಮವಾಗಿ ನೋಡಲು ಯತ್ನಿಸುತ್ತೇವೆ.

ಹಳೆಯ ಕಾಲದಲ್ಲಿ ಘಟ್ಟದ ಮೇಲು ಕೆಳಗುಗಳೆರಡೂ ಒಂದೇ ಆಡಳಿತಕ್ಕೆ ಸೇರಿದ್ದುಂಟು. ಹೊಯ್ಸಳರ ದಂಡನಾಯಕರು ತೆರಕಣಾಂಬಿಯಿಂದ ಈ ಸೀಮೆಯನ್ನು ಆಳಿದರು. ಕೆಳಗಿನ ಬಯಲಿನಲ್ಲಿದ್ದ ದಣಾಯಕನ ಕೋಟೆ ಇಂದು ಭವಾನಿಸಾಗರದ ನೀರಿನಡಿ ಮುಳುಗಿದೆ. ಮುಂದೆ ಮೈಸೂರು ಅರಸರ ಕಾಲದಲ್ಲೂ, ಹೈದರ್ ಟಿಪ್ಪುಗಳ ಕಾಲದಲ್ಲೂ ಗಜ್ಜಲಹಟ್ಟಿ ಕಣಿವೆಯೇ ಸೈನ್ಯ ಇಳಿಯುವ ದಾರಿಯಾಗಿತ್ತು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನು ಇದೇ ಕಣಿವೆಯಿಂದ ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಸೇನೆಯ ಮೇಲೆ ಬಿದ್ದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಸೀಮೆ ಕಂಪನಿಯ ಕೈಸೇರಿತು, ಮೈಸೂರು ಒಡೆಯರ ಕೈಯಲ್ಲಿ ಉಳಿಯಿತು. ಕೊಳ್ಳೇಗಾಲವೂ ತಾಳವಾಡಿಯೂ ಕನ್ನಡ ನುಡಿಯುತ್ತಲೇ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದುವು.

ಆ ಗಡಿ ಜನರ ಓದಿಗೆ ಅಡ್ಡಬಂದಂತೆ ತೋರುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅದಕ್ಕೆ ಮುಂಚೆ ಮಹಾರಾಜ ಕಾಲೇಜಿನಲ್ಲಿ ಓದಿದವರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರೂ ಪದವಿ ಪಡೆಯುತ್ತಿದ್ದುದು ಮದರಾಸು ವಿಶ್ವವಿದ್ಯಾನಿಲಯದಿಂದಲೇ. ಓದು ಮೈಸೂರಿನದು, ಪದವಿ ಪತ್ರ ಮದರಾಸಿನದು! ಆದರೆ ಉದ್ಯೋಗದ ಮಾತು ಬಂದಾಗ ಮಾತ್ರ ಆ ಕಾಲದಲ್ಲೂ ಜನ ಎಚ್ಚರಗೊಳ್ಳುತ್ತಿದ್ದರು. ದಿವಾನ್ ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಮೊದಲಾದವರು ಮದರಾಸು ಪ್ರಾಂತ್ಯದಿಂದ ಬಂದವರು. ಸರ್ಕಾರಿ ಹುದ್ದೆಗಳೆಲ್ಲ ಹೊರಗಿನವರ ಪಾಲಾಗುತ್ತವೆಂಬ ಕೊರಗು ಮೈಸೂರಿನಲ್ಲಿ ಬೆಳೆದು, ಮೈಸೂರು ಮೈಸೂರಿನವರಿಗೆ ಎಂಬ ಕೂಗಾಯಿತು. ಹೈದರಾಬಾದು ಸಂಸ್ಥಾನದಲ್ಲಿ ಇದೇ ಕೊರಗು ಮುಲ್ಕಿ ನಿಯಮದ ರೂಪ ತಾಳಿತು. ಹದಿನೈದು ವರ್ಷ ಸಂಸ್ಥಾನದಲ್ಲಿ ನೆಲಸಿದವನೇ ಮುಲ್ಕಿ, ಉಳಿದವನು ಗೈರುಮುಲ್ಕಿ. ಕಲಬುರಗಿ, ಬೀದರು, ರಾಯಚೂರುಗಳ ಹಿರಿಯರಿಗೆ ಈ ಶಬ್ದಗಳು ಚೆನ್ನಾಗಿ ಗೊತ್ತಿದ್ದುವು. ಹದಿನೈದು ಎಂಬ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಅದು ಮುಂದೆ ಮತ್ತೆ ಬರುತ್ತದೆ.

ರಾಜ್ಯಗಳ ಪುನರ್ವಿಂಗಡಣಾ ಆಯೋಗವು 1955ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ಫಜಲ್ ಅಲಿಯವರು ಅಧ್ಯಕ್ಷರು. ಹೃದಯನಾಥ ಕುಂಜ್ರು, ಸರ್ದಾರ್ ಕೆ. ಎಂ. ಪಣಿಕ್ಕರ್ ಸದಸ್ಯರು. ಹಳ್ಳಿ ಹಳ್ಳಿಯನ್ನೂ ಅಳೆದು ಗೆರೆ ಎಳೆಯುವುದು ಆಯೋಗಕ್ಕೆ ಒಪ್ಪಿಗೆಯಾಗಲಿಲ್ಲ. ಜಿಲ್ಲೆಯನ್ನೇ ಮುಖ್ಯವಾಗಿಟ್ಟುಕೊಂಡು, ಅಲ್ಲಲ್ಲಿ ತಾಲ್ಲೂಕಿನ ಮಟ್ಟಕ್ಕೆ ಇಳಿಯಿತು. ಹಾಗೆ ಇಳಿದ ಕಡೆಗಳಲ್ಲಿ ಕೊಳ್ಳೇಗಾಲವೊಂದು. 1956ರ ನವೆಂಬರ್ 1ರಂದು ಆ ತಾಲ್ಲೂಕು ಮೈಸೂರಿಗೆ ಸೇರಿತು. ತಾಳವಾಡಿ ಕೊಳ್ಳೇಗಾಲ ತಾಲ್ಲೂಕಿನದಲ್ಲ. ತನ್ನ ತಾಲ್ಲೂಕಿನ ತಮಿಳು ಬಯಲಿನೊಡನೆ ಅದು ಮದರಾಸಿನಲ್ಲೇ ನಿಂತಿತು. ಯಾವನೋ ಕಂಪನಿಯ ಅಧಿಕಾರಿ ಕಂದಾಯದ ಅನುಕೂಲಕ್ಕಾಗಿ ಹಾಕಿದ ತಾಲ್ಲೂಕಿನ ಎಲ್ಲೆ ಹೀಗೆ ರಾಜ್ಯದ ಎಲ್ಲೆಯಾಯಿತು. ಮುಂದಿನದನ್ನು ಬೇಗ ಹೇಳಿಬಿಡಬಹುದು. 1979ರಲ್ಲಿ ಕೊಯಮತ್ತೂರು ಒಡೆದು ಪೆರಿಯಾರ್ ಜಿಲ್ಲೆಯಾಯಿತು, ಅದೇ ಅನಂತರ ಈರೋಡು ಎನ್ನಿಸಿಕೊಂಡಿತು. 2016ರಲ್ಲಿ ತಾಳವಾಡಿಯೇ ಒಂದು ತಾಲ್ಲೂಕಾಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವಾದರೂ ನಮ್ಮನ್ನು ನೋಡಿತೇ ಎಂದರೆ, ಅದರ ಕಾರ್ಯವ್ಯಾಪ್ತಿ ಮೈಸೂರು, ಮಹಾರಾಷ್ಟ್ರ, ಕೇರಳಗಳ ಎಲ್ಲೆಗೆ ಸೀಮಿತವಾಗಿತ್ತು. ಕಾಸರಗೋಡಿಗೂ ಸೊಲ್ಲಾಪುರಕ್ಕೂ ವರದಿಯಲ್ಲಿ ಜಾಗ ದೊರೆಯಿತು. ನಮ್ಮದು ವಿವಾದದ ಪ್ರದೇಶವೆಂದೂ ಅನ್ನಿಸಿಕೊಳ್ಳಲಿಲ್ಲ. ಗಡಿನಾಡುಗಳ ಪೈಕಿಯೂ ನಾವು ಹಿಂದಿನ ಬೆಂಚಿನವರು.

ಎಲ್ಲೆ ಎಳೆದವರು ಮಕ್ಕಳನ್ನು ಮರೆತರೆಂದು ಮಾತ್ರ ಹೇಳಲಾಗದು. 1949ರಲ್ಲೇ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ನಿರ್ಣಯ ಮಾಡಿತ್ತು: ಶಾಲೆಯಲ್ಲಿ 40 ಮಂದಿ, ಅಥವಾ ಒಂದು ತರಗತಿಯಲ್ಲಿ 10 ಮಂದಿ ಅನ್ಯಭಾಷೆಯ ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಪಾಠ ಹೇಳಲು ಅಧ್ಯಾಪಕರನ್ನು ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯಾಗಿ 350ಎ ಮತ್ತು 350ಬಿ ವಿಧಿಗಳು ಸೇರಿದುವು. ಮೊದಲನೆಯದು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣವನ್ನು ಕುರಿತದ್ದು, ಎರಡನೆಯದು ಅದನ್ನು ನೋಡಿಕೊಳ್ಳುವ ವಿಶೇಷಾಧಿಕಾರಿಯನ್ನು ಕುರಿತದ್ದು. ನಮ್ಮ ಶಾಲೆಗಳು ಇಂದಿಗೂ ನಿಂತಿರುವುದು ಈ ಆಸರೆಯ ಮೇಲೆ. ಆದರೆ 350ಎ ವಿಧಿಯನ್ನು ಎಚ್ಚರದಿಂದ ಓದಿದವರು ಒಂದು ಮಾತನ್ನು ಗಮನಿಸದೆ ಇರಲಾರರು. ಅದರ ಭರವಸೆ ಪ್ರಾಥಮಿಕ ಹಂತದ ಶಿಕ್ಷಣಕ್ಕೆ ಮಾತ್ರ. ಮಗುವಿನ ಕೈ ಹಿಡಿದು ಶಾಲೆಯ ಮೆಟ್ಟಿಲು ಹತ್ತಿಸುತ್ತದೆ. ದೊಡ್ಡವನಾಗಿ ಮೆಟ್ಟಿಲಿಳಿದು ಬಂದಾಗ ಅಲ್ಲಿ ಯಾರೂ ನಿಂತಿರುವುದಿಲ್ಲ.

ಉದ್ಯೋಗದ ವಿಷಯದಲ್ಲಿ ಸಂವಿಧಾನ ಹೇಳಿದ್ದು ಇನ್ನೊಂದು ಬಗೆಯ ಮಾತು. 16ನೆಯ ವಿಧಿಯಂತೆ ಹುಟ್ಟಿದ ಊರು, ವಾಸದ ಊರು ಇವುಗಳ ಕಾರಣದಿಂದ ಯಾವ ಪ್ರಜೆಗೂ ಸರ್ಕಾರಿ ಉದ್ಯೋಗವನ್ನು ನಿರಾಕರಿಸಕೂಡದು. ವಾಸದ ನಿಬಂಧನೆ ಹಾಕುವ ಅಧಿಕಾರ ಪಾರ್ಲಿಮೆಂಟಿಗೆ ಮಾತ್ರ ಉಂಟು. ಪುನರ್ವಿಂಗಡಣಾ ಆಯೋಗವೂ ವಾಸದ ನಿಯಮಗಳಿಂದ ಭಾಷಾ ಅಲ್ಪಸಂಖ್ಯಾತರಿಗೆ ಆಗುವ ತೊಂದರೆಯನ್ನು ಕಂಡು ಬರೆಯಿತು. 1957ರ ಕಾಯಿದೆಯೊಂದು ಅಂಥ ನಿಯಮಗಳನ್ನು, ಕೆಲವು ಪ್ರದೇಶಗಳನ್ನು ಬಿಟ್ಟು, ತೆಗೆದುಹಾಕಿತು. ಎಂದಮೇಲೆ ತಾಳವಾಡಿಯವನು ಬೆಂಗಳೂರಿನಲ್ಲಿ ಅರ್ಜಿ ಹಾಕಕೂಡದೆಂದು ಯಾರೂ ಹೇಳಲಾರರು. ಹಾಕಬಹುದು, ಹಾಕಿ ಗೆದ್ದವರೂ ಉಂಟು. ಬಾಗಿಲು ಮುಚ್ಚಿಲ್ಲ, ಆದರೆ ಎರಡು ಮನೆಗಳಲ್ಲೂ ಅವನಿಗೆ ತೆರೆದಿರುವುದು ಅತಿಥಿಯ ಬಾಗಿಲು.

ಮೊದಲು ನಾವು ವಾಸಿಸುವ ರಾಜ್ಯದ ಕಡೆ ನೋಡೋಣ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯಿದೆಯು ಒಂದನೆಯ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಕಡ್ಡಾಯ ಮಾಡುತ್ತ ಹೋಯಿತು. ಆ ಮೊದಲ ತಂಡ 2016ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಬಂದಾಗ, ತಮಿಳು ಕಲಿಸುವ ಏರ್ಪಾಡು ಸರಿಯಾಗಿಲ್ಲದ ಅಲ್ಪಸಂಖ್ಯಾತ ಭಾಷೆಯ ಶಾಲೆಗಳವರು ನ್ಯಾಯಾಲಯಕ್ಕೆ ಹೋಗಬೇಕಾಯಿತು. ವಿನಾಯತಿಗಳು ದೊರೆತುವು, 2023ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ವರ್ಷದ ಮಟ್ಟಿಗೆ ವಿನಾಯತಿ ಕೊಟ್ಟಿತು. ಮಕ್ಕಳೂ ತಂದೆತಾಯಿಗಳೂ ಸಮಾಧಾನಪಟ್ಟರು. ನಾವೂ ಪಟ್ಟೆವು. ಆದರೆ ಅದಕ್ಕೆ ಮೊದಲೇ, 2021ರ ಡಿಸೆಂಬರಿನಲ್ಲಿ, ರಾಜ್ಯದ ಎಲ್ಲ ನೇಮಕ ಪರೀಕ್ಷೆಗಳಲ್ಲಿಯೂ ಹತ್ತನೆಯ ತರಗತಿಯ ಮಟ್ಟದ ತಮಿಳು ಪತ್ರಿಕೆಯೊಂದು ಕಡ್ಡಾಯವೆಂದು ಆಜ್ಞೆಯಾಗಿತ್ತು. ಅದರಲ್ಲಿ ನೂರಕ್ಕೆ 40 ಅಂಕ ಬಾರದಿದ್ದರೆ ಉಳಿದ ಉತ್ತರಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತೊಡಕು ಕಾಣುತ್ತದೆ. ಶಾಲೆಯಲ್ಲಿ ಹತ್ತನೆಯ ತರಗತಿಯ ತಮಿಳಿನಿಂದ ಬಿಡುಗಡೆ ಪಡೆದ ಹುಡುಗನೇ ನಾಲ್ಕಾರು ವರ್ಷಗಳ ಮೇಲೆ ಅದೇ ಮಟ್ಟದ ತಮಿಳನ್ನು ಬರೆದು ತೋರಿಸಬೇಕು. ಅಂದಿನ ವಿನಾಯತಿ ಇಂದು ಸಾಲವಾಗಿ ಎದುರಿಗೆ ನಿಲ್ಲುತ್ತದೆ.

ತಮಿಳು ಕಲಿಯುವುದರಲ್ಲಿ ನಮಗೇನೂ ಆಕ್ಷೇಪವಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಘಟ್ಟದ ಕೆಳಗಿನ ಪೇಟೆಗೆ ತರಕಾರಿ ಒಯ್ಯುವ ನಮ್ಮ ರೈತ ಬೆಲೆಯನ್ನು ತಮಿಳಿನಲ್ಲೇ ಕುದುರಿಸುತ್ತಾನೆ. ಆಡುವ ತಮಿಳು ಬೇರೆ, ಪರೀಕ್ಷೆಯಲ್ಲಿ ಬರೆಯುವ ತಮಿಳು ಬೇರೆ. ಎರಡನೆಯದಕ್ಕೆ ಪಂಡಿತರು ಬೇಕು, ಪುಸ್ತಕ ಬೇಕು, ಒಂದನೆಯ ತರಗತಿಯಿಂದ ಅಭ್ಯಾಸ ಬೇಕು. ಹಿಂದಿನ ನಿಯಮವು ಇದನ್ನು ಅರಿತಿತ್ತು. 2016ರ ಸೇವಾ ಕಾಯಿದೆಯಲ್ಲಿ, ತಮಿಳು ಬಾರದವನೂ ಅರ್ಜಿ ಹಾಕಬಹುದೆಂದೂ, ಆಯ್ಕೆಯಾದರೆ ಎರಡು ವರ್ಷದೊಳಗೆ ತಮಿಳು ಪರೀಕ್ಷೆಯನ್ನು ಮುಗಿಸಬೇಕೆಂದೂ ಇತ್ತು. 2023ರ ಜನವರಿಯಲ್ಲಿ ಅದನ್ನು ತಿದ್ದಿ ಹೊಸ ನಿಬಂಧನೆಯನ್ನು ಶಾಸನದಲ್ಲಿ ಸೇರಿಸಲಾಯಿತು. ಇದಲ್ಲದೆ ತಮಿಳು ಮಾಧ್ಯಮದಲ್ಲಿ ಓದಿದವರಿಗೆ 2010ರ ಕಾಯಿದೆಯಿಂದ ಶೇಕಡ 20ರಷ್ಟು ಹುದ್ದೆಗಳಲ್ಲಿ ಆದ್ಯತೆಯುಂಟು. 2020ರ ತಿದ್ದುಪಡಿಯ ಮೇಲೆ ಶಾಲೆಯ ದಿನಗಳಿಂದಲೂ ಆ ಮಾಧ್ಯಮವೇ ಆಗಿರಬೇಕು. ಹಳ್ಳಿಯ ಬಡ ಮಕ್ಕಳು ಇಂಗ್ಲಿಷ್ ಶಾಲೆಯ ಮಕ್ಕಳೆದುರು ಸೋಲಬಾರದೆಂಬುದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹಳ್ಳಿಯ ಬಡ ಮಗು ಆ ಲೆಕ್ಕದಲ್ಲಿ ಇಂಗ್ಲಿಷ್ ಶಾಲೆಯವರ ಸಾಲಿಗೇ ಸೇರಿಹೋಗುತ್ತದೆ!

ಎರಡು ವರ್ಷದ ಆ ಹಳೆಯ ಗಡುವಿನ ಬೆಲೆ ಏನೆಂಬುದನ್ನು ತಿಳಿಯಲು ಅಮೆರಿಕದ ಉದಾಹರಣೆಯೊಂದನ್ನು ನೋಡಬಹುದು. ಬೆಂಗಳೂರು, ಮೈಸೂರುಗಳಿಂದ ಆ ದೇಶಕ್ಕೆ ಓದಲು ಹೋದವರ ವಿದ್ಯಾರ್ಥಿ ವೀಸಾ ಓದಿನೊಡನೆ ಮುಗಿಯುತ್ತದೆ. ಮೇಲೆ ಒಂದು ವರ್ಷ, ವಿಜ್ಞಾನ ಶಾಸ್ತ್ರಗಳಲ್ಲಾದರೆ ಇನ್ನೂ ಕೆಲವು ಕಾಲ, ತರಬೇತಿಯ ಹೆಸರಿನಲ್ಲಿ ದುಡಿಯಬಹುದು. 1990ರ ಕಾಯಿದೆಯಿಂದ ಬಂದ ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯುಂಟು, ಮತ್ತು ಹೊಸ ಸಾಲಿನದು ಜಾರಿಗೆ ಬರುವುದು ಅಕ್ಟೋಬರ್ 1ಕ್ಕೆ. ಮೇ ಜೂನ್ ತಿಂಗಳಿಗೆ ಒಂದು ಮುಗಿದರೆ, ಅಕ್ಟೋಬರಿನವರೆಗೆ ಅವನು ಯಾವ ಲೆಕ್ಕಕ್ಕೂ ಸೇರದವನು. ಸರ್ಕಾರ ಇದನ್ನು ಕಂಡು, 2008ರಲ್ಲಿ ನಿಯಮವನ್ನು ವಿಸ್ತರಿಸಿ, ಕೆಲಸದ ವೀಸಾಕ್ಕೆ ಅರ್ಜಿ ಸಂದವನ ವಿದ್ಯಾರ್ಥಿ ಸ್ಥಿತಿ ಅಕ್ಟೋಬರಿನವರೆಗೆ ತಾನೇ ಮುಂದುವರಿಯುವಂತೆ ಮಾಡಿತು. 2025ರ ಜನವರಿಯಿಂದ ಆ ಅವಧಿಯನ್ನು ಏಪ್ರಿಲ್ 1ರವರೆಗೂ ಹಿಗ್ಗಿಸಿತು. ಆ ದೇಶದ ವಲಸೆ ನೀತಿಯನ್ನು ಹೊಗಳುವುದು ನಮ್ಮ ಉದ್ದೇಶವಲ್ಲ, ಅದರ ಕಾಠಿಣ್ಯ ಬೇರೆ ಬಗೆಯದು. ಆದರೆ ಅಲ್ಲಿ ಪರದೇಶಿಗಾಗಿ ಹಳ್ಳದ ಮೇಲೊಂದು ಹಲಗೆ ಹಾಕಿದ್ದಾರೆ. ಇಲ್ಲಿ ಸ್ವದೇಶಿಗೆ ಇದ್ದ ಹಲಗೆಯನ್ನು ಎತ್ತಿಬಿಟ್ಟಿದ್ದಾರೆ.

ಇನ್ನು ಕರ್ನಾಟಕ. ನಮ್ಮ ಮಾತು ಅಲ್ಲಿಯ ಮಾತೇ. ಕನ್ನಡ ಪತ್ರಿಕೆಯನ್ನು ನಮ್ಮ ಮಕ್ಕಳು ಬೆಂಗಳೂರಿನ ಮಕ್ಕಳಿಗಿಂತ ಚೆನ್ನಾಗಿ ಬರೆಯಬಲ್ಲರೆಂದರೆ ಉತ್ಪ್ರೇಕ್ಷೆಯೆನ್ನುವವರು ಒಮ್ಮೆ ಬಂದು ಅವರ ಕಾಪಿ ಪುಸ್ತಕಗಳನ್ನು ನೋಡಲಿ. ಆದರೆ ಅಲ್ಲಿಯ ಲೆಕ್ಕ ಭಾಷೆಯದಲ್ಲ, ವರ್ಷಗಳದು. ವೃತ್ತಿಶಿಕ್ಷಣದ ಸರ್ಕಾರಿ ಸೀಟಿಗೆ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಏಳು ವರ್ಷವಾದರೂ ಕರ್ನಾಟಕದಲ್ಲಿ ಓದಿರಬೇಕೆಂಬುದು ಮುಖ್ಯ ನಿಯಮ. ಹತ್ತು ವರ್ಷ ತಾಳವಾಡಿಯಲ್ಲಿ, ಎರಡು ವರ್ಷ ಚಾಮರಾಜನಗರದಲ್ಲಿ ಓದಿದವನಿಗೆ ದೊರೆಯುವುದು ಎರಡೇ ವರ್ಷ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದು ಬೇರೆ ಅವಕಾಶವಿದ್ದು, ಅದಕ್ಕೆ ಪ್ರತ್ಯೇಕ ಕನ್ನಡ ಪರೀಕ್ಷೆ ನಡೆಸುತ್ತಾರೆ. ಗಡಿಯಾಚೆಯ ಕನ್ನಡ ಶಾಲೆಗಳಿಗೆ ನೆರವಾಗಲು 2010ರ ಕಾಯಿದೆಯಿಂದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಹುಟ್ಟಿತು. ಇವೆಲ್ಲ ಓದಿಗೆ ಸಂಬಂಧಿಸಿದ ಕೃಪೆಗಳು. ಉದ್ಯೋಗದ ಮಾತಿಗೆ ಬಂದರೆ, ಡಾ. ಸರೋಜಿನಿ ಮಹಿಷಿಯವರ ಸಮಿತಿ 1986ರ ತನ್ನ ವರದಿಯಲ್ಲಿ ಕನ್ನಡಿಗನೆಂದರೆ ಯಾರೆಂಬುದಕ್ಕೆ ಲಕ್ಷಣ ಹೇಳಿತು: ಕರ್ನಾಟಕದಲ್ಲಿ ಹದಿನೈದು ವರ್ಷ ವಾಸಿಸಿ ಕನ್ನಡವನ್ನು ಓದಲು, ಬರೆಯಲು, ಆಡಲು ಬಲ್ಲವನು. ನಿಜಾಮನ ಹದಿನೈದು ವರ್ಷ ಹೀಗೆ ಕನ್ನಡದ ಅಂಗಳಕ್ಕೂ ಬಂತು.

2024ರ ಜುಲೈಯಲ್ಲಿ ಕರ್ನಾಟಕದ ಮಂತ್ರಿಮಂಡಲವು ಖಾಸಗಿ ಉದ್ಯಮಗಳ ಹುದ್ದೆಗಳನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಯೊಂದನ್ನು ಒಪ್ಪಿ, ಎರಡು ದಿನದಲ್ಲಿ ತಡೆಹಿಡಿಯಿತು. ಆ ಮಸೂದೆಯಲ್ಲಿ ಸ್ಥಳೀಯನೆಂದರೆ ಕರ್ನಾಟಕದಲ್ಲಿ ಹುಟ್ಟಿ, ಹದಿನೈದು ವರ್ಷ ಅಲ್ಲೇ ನೆಲಸಿ, ಕನ್ನಡ ಬಲ್ಲವನಾಗಿ, ಗೊತ್ತಾದ ಪರೀಕ್ಷೆಯಲ್ಲಿ ತೇರ್ಗಡೆಯಾದವನು. ಹುಟ್ಟಿ ಎಂಬ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ತಾಳವಾಡಿಯ ಬಳಿಯ ಗಾಜನೂರಿನಲ್ಲಿ, 1929ರ ಏಪ್ರಿಲ್ 24ರಂದು, ಅಂದಿನ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿ ಹುಟ್ಟಿದ ಮುತ್ತುರಾಜ ಎಂಬ ಹುಡುಗನನ್ನು ನಾಡೆಲ್ಲ ಡಾ. ರಾಜ್‌ಕುಮಾರ್ ಎಂದು ಬಲ್ಲದು. 1982ರಲ್ಲಿ ಗೋಕಾಕ್ ವರದಿ ಜಾರಿಗಾಗಿ ಕರ್ನಾಟಕದ ಊರೂರಿನ ಬೀದಿಗೆ ಜನರನ್ನು ಕರೆತಂದವರು ಅವರು. ಈ ಮಸೂದೆಯ ಅಳತೆಗೋಲಿನಲ್ಲಿ ಅವರು ಸ್ಥಳೀಯರಾಗುತ್ತಿರಲಿಲ್ಲ! ಗುಬ್ಬಿ ವೀರಣ್ಣನವರ ನಾಟಕ ಕಂಪನಿಯವರು ಹುಟ್ಟಿದ ಊರಿನ ದಾಖಲೆ ಕೇಳದೆ ಸೇರಿಸಿಕೊಂಡದ್ದು ಕನ್ನಡದ ಪುಣ್ಯ. ಇಂಥ ಕಾಯಿದೆಗಳು ನ್ಯಾಯಾಲಯದಲ್ಲಿ ನಿಲ್ಲುವುವೇ ಎಂಬುದು ಬೇರೆ ಪ್ರಶ್ನೆ. ಹರಿಯಾಣದ ಶೇಕಡ 75ರ ಮೀಸಲಾತಿ ಕಾಯಿದೆಯನ್ನು ಅಲ್ಲಿಯ ಉಚ್ಚ ನ್ಯಾಯಾಲಯ 2023ರ ನವೆಂಬರಿನಲ್ಲಿ ರದ್ದುಮಾಡಿತು.

ಇದೆಲ್ಲಕ್ಕಿಂತ ಹೆಚ್ಚಿನ ನಷ್ಟ ಕಾಡಂಚಿನ ಮಕ್ಕಳದು. ಸೋಲಿಗರು ಎಲ್ಲೆಯ ಎರಡೂ ಕಡೆ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲೂ ಇದ್ದಾರೆ, ಹಾಸನೂರಿನ ಕಾಡಿನಲ್ಲೂ ಇದ್ದಾರೆ. ಎರಡು ರಾಜ್ಯಗಳ ಪರಿಶಿಷ್ಟ ಪಂಗಡದ ಪಟ್ಟಿಯಲ್ಲೂ ಅವರ ಹೆಸರುಂಟು. ಆದರೂ ಈಚೆಯ ತಹಸೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ಆಚೆಯ ರಾಜ್ಯದ ಮೀಸಲಾತಿಗೆ ಸಲ್ಲುವುದಿಲ್ಲ. ಒಂದು ರಾಜ್ಯದಲ್ಲಿ ಪರಿಶಿಷ್ಟನಾದವನು ವಲಸೆ ಹೋದ ರಾಜ್ಯದಲ್ಲಿ ಹಾಗೆಂದು ಸೌಲಭ್ಯ ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ಹೇಳಿ, 2018ರಲ್ಲಿ ಮತ್ತೆ ಎತ್ತಿಹಿಡಿಯಿತು. ದೂರದ ರಾಜ್ಯದಿಂದ ಬಂದು ನೆಲಸಿದವರ ಮೊಕದ್ದಮೆಯಲ್ಲಿ ಹುಟ್ಟಿದ ತೀರ್ಪು ಅದು. ಒಂದೇ ಕಾಡಿನ ಎರಡು ಅಂಚಿನಲ್ಲಿರುವ ಅಣ್ಣತಮ್ಮಂದಿರಿಗೂ ಅದೇ ಅನ್ವಯಿಸುತ್ತದೆ. ಮೈಸೂರಿನಲ್ಲಿ ಪದವಿ ಪಡೆದ ಹಾಸನೂರು ಕಡೆಯ ಸೋಲಿಗರ ಹುಡುಗಿ ಕರ್ನಾಟಕದಲ್ಲಿ ಅರ್ಜಿ ಹಾಕಿದರೆ ಸಾಮಾನ್ಯ ವರ್ಗದವಳು. ತಮಿಳುನಾಡಿನಲ್ಲಿ ಹಾಕಿದರೆ ಮೀಸಲಾತಿಯುಂಟು, ತಮಿಳು ಪತ್ರಿಕೆಯೂ ಉಂಟು. ಅವಳ ಓದಿನಲ್ಲಿ ಕೊರತೆಯೇನೂ ಇಲ್ಲ. ಓದಿದ ಜಾಗ ಮತ್ತು ಹುಟ್ಟಿದ ಜಾಗ ಒಂದೇ ಪಟ್ಟಿಯಲ್ಲಿಲ್ಲ, ಅಷ್ಟೆ.

ಪರೀಕ್ಷೆ ಮುಗಿದು ಮಕ್ಕಳು ನಮ್ಮ ಬಳಿಗೆ ಕಾಗದಗಳಿಗಾಗಿ ಬರುವ ಕಾಲ ಬೇಸಗೆ. ಯಾವ ಶಾಲೆಯ ಮೇಲೂ ದೂರು ಹೊರಿಸದೆ ಕಂಡದ್ದನ್ನು ಹೇಳುವುದಾದರೆ, ವರ್ಗಾವಣೆ ಪತ್ರದಲ್ಲಿ ಮಾತೃಭಾಷೆಯ ಅಂಕಣವನ್ನು ಖಾಲಿ ಬಿಟ್ಟಿರುವುದು, ಬೋಧನ ಮಾಧ್ಯಮವನ್ನು ಒಂದು ಕಡೆ ಕನ್ನಡ ಎಂದೂ ಇನ್ನೊಂದು ಕಡೆ ಬೇರೆ ಬಗೆಯಾಗಿಯೂ ಬರೆದಿರುವುದು ಅಪರೂಪವಲ್ಲ. ಗಡಿನಾಡು, ಹೊರನಾಡು ಕನ್ನಡಿಗರ ಕನ್ನಡ ಪರೀಕ್ಷೆಗೆ ಕೂರುವವರಿಗೆ ಆ ಅಂಕಣಗಳೇ ಆಧಾರ. ಮೊದಲ ತರಗತಿಯಿಂದ ಹತ್ತನೆಯವರೆಗೆ ಓದಿದ ಒಂದೊಂದು ವರ್ಷಕ್ಕೂ ವ್ಯಾಸಂಗ ಪ್ರಮಾಣಪತ್ರ, ಅದರಲ್ಲಿ ಮಾಧ್ಯಮದ ಉಲ್ಲೇಖ, ಅದಕ್ಕೆ ಶಾಲೆಯ ಮೊಹರು, ಇವು ಊರು ಬಿಡುವ ಮೊದಲೇ ಕೈಯಲ್ಲಿರಬೇಕು. ಚಾಮರಾಜನಗರದಿಂದ ಮತ್ತೆ ಬಂದು ಹಳೆಯ ದಾಖಲಾತಿ ಪುಸ್ತಕ ತೆರೆಸುವುದರೊಳಗೆ ಅರ್ಜಿಯ ಕೊನೆಯ ದಿನ ಕಳೆದಿರುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೆ ಈ ಕಾಗದಗಳ ಪಟ್ಟಿಯನ್ನು ಮಾರ್ಚ್ ತಿಂಗಳಲ್ಲೇ ಕಪ್ಪುಹಲಗೆಯ ಮೇಲೆ ಬರೆದು ತೋರಿಸಬೇಕೆಂದು ಅಧ್ಯಾಪಕ ಮಿತ್ರರನ್ನು ಕೇಳಿಕೊಳ್ಳುತ್ತೇವೆ.